ಮಾನವಿಯ ಶ್ರೀ ಜಗನ್ನಾಥದಾಸರು

ಊರು ಬಿಟ್ಟು ಬಂದ ನಮ್ಮ ಹಿರಿಯರು ಟ್ರಂಕಿನ ತಳದಲ್ಲಿ ಇರಿಸಿಕೊಂಡು ತಂದ ಪುಸ್ತಕಗಳಲ್ಲಿ ಹರಿಕಥಾಮೃತಸಾರವೂ ಒಂದು. ಇಂದಿಗೂ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿದ ಅನೇಕ ಕನ್ನಡ ಮನೆಗಳಲ್ಲಿ ಹೆಣ್ಣುಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಒಟ್ಟುಗೂಡಿ ಅದರ ಸಂಧಿಗಳನ್ನು ಪಾರಾಯಣ ಮಾಡುವುದುಂಟು. ಪದ್ಯಗಳು ಬಾಯಿಗೆ ಬರುತ್ತವೆ. ಪದ್ಯಗಳನ್ನು ಬರೆದವರ ಬಾಳು ಮಾತ್ರ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಆ ಬಾಳು ಒಂದು ಸುಳ್ಳಿನಿಂದಲೂ ಒಂದು ಹೊಟ್ಟೆನೋವಿನಿಂದಲೂ ತಿರುವು ಪಡೆದದ್ದೆಂಬುದನ್ನು ತಿಳಿದವರು ಗ್ರಂಥವನ್ನು ಬೇರೆಯೇ ರೀತಿಯಲ್ಲಿ ಓದುತ್ತಾರೆಂದು ನನ್ನ ನಂಬಿಕೆ. ಆದುದರಿಂದ ಈ ದಸರೆಯ ಸಂಚಿಕೆಯಲ್ಲಿ ಶ್ರೀ ಜಗನ್ನಾಥದಾಸರ ಚರಿತ್ರೆಯನ್ನು ಸಂಪ್ರದಾಯದಲ್ಲಿ ಬಂದಂತೆ ನಿವೇದಿಸುವ ಸಾಹಸ ಮಾಡಿದ್ದೇನೆ.

ದಾಸರು ಜನಿಸಿದ್ದು ಕ್ರಿ. ಶ. 1728ರಲ್ಲಿ, ಮಾನವಿಗೆ ಸಮೀಪದ ಬ್ಯಾಗವಟವೆಂಬ ಗ್ರಾಮದಲ್ಲಿ. ಆಗ ಅದು ನಿಜಾಮನ ಆಳ್ವಿಕೆಗೆ ಒಳಪಟ್ಟ ಸೀಮೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ರಾಯಚೂರು ಪ್ರಾಂತವು ಹೈದರಾಬಾದಿಗೇ ಸೇರಿದ್ದಿತು. ತಂದೆ ನರಸಿಂಹರಾಯರು ಗ್ರಾಮದ ಕುಲಕರ್ಣಿಗಳು, ಊರಿನ ಲೆಕ್ಕಪತ್ರಗಳನ್ನು ನೋಡಿಕೊಂಡಿದ್ದವರು. ಅವರೇ ಹರಿದಾಸದೀಕ್ಷೆ ಪಡೆದವರೆಂದೂ ಹೇಳುತ್ತಾರೆ. ಮಗನಿಗೆ ಶ್ರೀನಿವಾಸನೆಂದು ಹೆಸರಿಟ್ಟರು. ಹುಡುಗನ ಬುದ್ಧಿ ಅಸಾಧಾರಣವಾದದ್ದು. ಮುಂದೆ ಮಂತ್ರಾಲಯದ ಪೀಠವನ್ನಲಂಕರಿಸಿದ ಶ್ರೀ ವರದೇಂದ್ರತೀರ್ಥರಲ್ಲಿ ನ್ಯಾಯ, ವೇದಾಂತಗಳನ್ನು ವ್ಯಾಸಂಗ ಮಾಡಿ, ಪ್ರಾಯ ಬರುವಷ್ಟರಲ್ಲೇ ಪಂಡಿತರ ಸಾಲಿನಲ್ಲಿ ಸ್ಥಾನ ಪಡೆದು, ಶ್ರೀನಿವಾಸಾಚಾರ್ಯರೆನಿಸಿದರು. ಪುಣೆಯ ಬಾಂಧವರಿಗೆ ಇಲ್ಲೊಂದು ಮಾತು ಹೇಳಬೇಕು. ಈ ವರದೇಂದ್ರತೀರ್ಥರ ವೃಂದಾವನವಿರುವುದು ಅವರ ಊರಿನಲ್ಲಿಯೇ. 1785ರಲ್ಲಿ ಅಲ್ಲಿ ವೃಂದಾವನಸ್ಥರಾದ ಆ ಯತಿಗಳ ದರ್ಶನಕ್ಕೆ ಹೋಗುವವರು, ಹರಿಕಥಾಮೃತಸಾರದ ಕರ್ತೃವಿಗೆ ಶಾಸ್ತ್ರಪಾಠ ಹೇಳಿದ ಗುರುಗಳ ಸನ್ನಿಧಿಯಲ್ಲಿ ನಿಂತಿದ್ದೇವೆಂಬುದನ್ನು ನೆನೆಯಬಹುದು.

ಶ್ರೀನಿವಾಸಾಚಾರ್ಯರು ಮಾನವಿಯಲ್ಲಿ ನೆಲೆಸಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ವಿದ್ಯೆಯೊಡನೆ ವಿದ್ಯೆಯ ಮದವೂ ಬಂದಿದ್ದಿತು. ವೇದಾಂತವೆಂಬುದು ಗೀರ್ವಾಣಭಾಷೆಯಲ್ಲಿ ಪಂಡಿತರು ಕುಳಿತು ವಿಚಾರಿಸಬೇಕಾದ ವಸ್ತು, ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಬೀದಿಯಲ್ಲಿ ಕನ್ನಡ ಪದ ಹಾಡುವವರಿಗೆ ಅದರ ಗಂಧ ಎಲ್ಲಿಂದ ಬರಬೇಕು ಎಂಬ ತಾತ್ಸಾರ ಅವರದು. ಈ ತಾತ್ಸಾರವು ಆ ಕಾಲದ ಪಂಡಿತರಿಗೆ ಮೀಸಲಾದುದೆಂದು ನಾವು ನಗುವಂತಿಲ್ಲ. ಭಾಷೆಯ ಹೆಸರು ಬದಲಾಗಿದೆ, ಅಷ್ಟೆ.

ಆಗ ದಾಸಕೂಟಕ್ಕೆ ಹಿರಿಯರಾಗಿದ್ದವರು ಶ್ರೀ ವಿಜಯದಾಸರು. ಅವರು 1682ರಲ್ಲಿ ಜನಿಸಿದ್ದು ತುಂಗಭದ್ರೆಯ ದಡದ ಚೀಕಲಪರವಿಯಲ್ಲಿ. ಅದೂ ಮಾನವಿಯ ಸೀಮೆಯೇ. ಉಣ್ಣಲು ಗತಿಯಿಲ್ಲದ ಬಡತನದಲ್ಲಿ ಬೆಳೆದು, ಕಾಶಿಯವರೆಗೂ ಅಲೆದು ಬಂದ ಅವರಿಗೆ, ಕನಸಿನಲ್ಲಿ ಪುರಂದರದಾಸರು ಕಾಣಿಸಿಕೊಂಡು ನಾಲಗೆಯ ಮೇಲೆ ವಿಜಯವಿಠಲನೆಂಬ ಅಂಕಿತವನ್ನು ಬರೆದರೆಂದು ಪ್ರತೀತಿ. ಪುರಂದರದಾಸರು ಹರಿಪಾದ ಸೇರಿ ಆಗಲೇ ನೂರು ವರ್ಷ ದಾಟಿ ಹೋಗಿತ್ತು. ಹೀಗೆ ಪಾಠಶಾಲೆಯಿಂದ ಬಾರದ ಜ್ಞಾನವು ವಿಜಯದಾಸರದು. ಶ್ರೀನಿವಾಸಾಚಾರ್ಯರು ಒಪ್ಪದಿದ್ದುದೂ ಅದನ್ನೇ.

ಒಮ್ಮೆ ವಿಜಯದಾಸರು ಶಿಷ್ಯಸಮೇತರಾಗಿ ಮಾನವಿಗೆ ದಯಮಾಡಿಸಿದರು. ಭಜನೆ, ಪೂಜೆ, ಸಮಾರಾಧನೆ ಎಲ್ಲವೂ ವಿಜೃಂಭಣೆಯಿಂದ ಏರ್ಪಟ್ಟವು. ಊರಿನ ವಿದ್ವಾಂಸರನ್ನು ಬಿಟ್ಟು ಪಂಕ್ತಿ ಕೂಡುವುದು ಸರಿಯಲ್ಲವೆಂದು ದಾಸರು ಶ್ರೀನಿವಾಸಾಚಾರ್ಯರಿಗೆ ತೀರ್ಥಪ್ರಸಾದಕ್ಕೆ ಬರಬೇಕೆಂದು ಹೇಳಿಕಳುಹಿಸಿದರು. ಆಚಾರ್ಯರಿಗೆ ದಾಸರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಮನಸ್ಸಿಲ್ಲ. ಬರಲೊಲ್ಲೆನೆಂದು ನೇರವಾಗಿ ಹೇಳಲು ದಾಕ್ಷಿಣ್ಯ. ತಮಗೆ ಹೊಟ್ಟೆಯ ವ್ಯಾಧಿಯಿದೆ, ಹೊತ್ತು ಮೀರಿ ಉಂಡರೆ ನೋವು ತಡೆಯಲಾಗದು, ಅದಕ್ಕಾಗಿ ಮನೆಯಲ್ಲಿಯೇ ಬೇಗನೆ ಊಟ ಮುಗಿಸಿದೆನೆಂದು ಹೇಳಿಕಳುಹಿಸಿದರು. ಶುದ್ಧ ಸುಳ್ಳು. ವಿಜಯದಾಸರು ಅದನ್ನು ಕೇಳಿ, ಆಗಲೆಂದಷ್ಟೇ ಅಂದು ಸುಮ್ಮನಾದರು. ಕೋಪಗೊಂಡರೆಂದಾಗಲಿ, ಶಪಿಸಿದರೆಂದಾಗಲಿ ಹೇಳುವ ಕಥನಗಳಿಗಿಂತ ಈ ಪಾಠವೇ ನನಗೆ ಹೆಚ್ಚು ಯುಕ್ತವೆನಿಸುತ್ತದೆ. ಹೇಳಿದ ಮಾತು ಹೇಳಿದವನನ್ನೇ ಬಂದು ಸೇರಲು ಮತ್ತೊಬ್ಬರ ಶಾಪವೇಕೆ ಬೇಕು?

ಕೆಲಕಾಲದಲ್ಲಿಯೇ ಆಚಾರ್ಯರಿಗೆ ನಿಜವಾಗಿಯೂ ಉದರಶೂಲೆ ಪ್ರಾರಂಭವಾಯಿತು. ಅನ್ನ ಕಂಡರೆ ಭಯ; ಉಂಡರೆ ಉರಿ, ಉಣ್ಣದಿದ್ದರೆ ಸಂಕಟ. ವೈದ್ಯರ ಔಷಧಗಳು ನಾಟಲಿಲ್ಲ. ಶಾಸ್ತ್ರ ಹೇಳುತ್ತಿದ್ದ ದೇಹವು ಕೃಶವಾಗಿ, ಪಾಠದ ಪೀಠದಲ್ಲಿ ಕೂರಲೂ ಶಕ್ತಿಯಿಲ್ಲದಂತಾಯಿತು. ಕ್ಷೇತ್ರಗಳಿಗೆ ಹೋಗಿ ಸೇವೆ ಮಾಡಿದರು. ದೊರೆತ ಸ್ವಪ್ನಸೂಚನೆ ಒಂದೇ, ಅಪರಾಧವೆಲ್ಲಿ ನಡೆಯಿತೋ ಪರಿಹಾರವೂ ಅಲ್ಲಿಯೇ ಇದೆಯೆಂಬುದು. ಆಗ ಅವರಿಗೆ ಮಾನವಿಯ ಆ ಸಮಾರಾಧನೆಯ ದಿನ ನೆನಪಾಯಿತೆನ್ನುತ್ತಾರೆ. ನೆನಪಾಗಲು ಅಷ್ಟು ದಿನ ಹಿಡಿದದ್ದನ್ನೂ ಗಮನಿಸಬೇಕು. ತನಗೆ ಬಂದ ಕಷ್ಟಕ್ಕೆ ಕಾರಣವನ್ನು ಮನುಷ್ಯನು ತನ್ನ ಮಾತಿನಲ್ಲಿ ಹುಡುಕುವುದು ಕಟ್ಟಕಡೆಗೆ.

ಶ್ರೀನಿವಾಸಾಚಾರ್ಯರು ಹೋಗಿ ವಿಜಯದಾಸರ ಪಾದಗಳಿಗೆ ಎರಗಿದರು. ದಾಸರು ಅವರನ್ನು ಪ್ರೀತಿಯಿಂದಲೇ ಎಬ್ಬಿಸಿದರು, ಆದರೆ ಚಿಕಿತ್ಸೆಯನ್ನು ತಾವು ಮಾಡಲಿಲ್ಲ. ತಮ್ಮ ಶಿಷ್ಯರಾದ ಗೋಪಾಲದಾಸರಲ್ಲಿಗೆ ಹೋಗಬೇಕೆಂದು ಅಪ್ಪಣೆ ಕೊಡಿಸಿದರು. ಇದರಲ್ಲಿಯೂ ಪಂಡಿತರಿಗೆ ಒಂದು ಪರೀಕ್ಷೆ ಅಡಗಿದ್ದಿತೆಂದು ನನಗೆ ತೋರುತ್ತದೆ. ಗೋಪಾಲದಾಸರು ಮೊಸರಕಲ್ಲಿನ ಬಡ ಮನೆತನದಲ್ಲಿ ಸುಮಾರು 1721ರಲ್ಲಿ ಹುಟ್ಟಿದವರು. ಪೂರ್ವಾಶ್ರಮದ ಹೆಸರು ಭಾಗಣ್ಣ. ಗಾಯತ್ರಿಯನ್ನು ಜಪಿಸಿಯೇ ಸಿದ್ಧಿ ಪಡೆದವರೆಂಬ ಖ್ಯಾತಿ ಅವರದು. ಶ್ರೀನಿವಾಸಾಚಾರ್ಯರಿಗಿಂತ ಏಳೆಂಟು ವರ್ಷಕ್ಕಷ್ಟೇ ಹಿರಿಯರು. ತರ್ಕ ವ್ಯಾಕರಣಗಳ ಬಿರುದುಗಳಿಲ್ಲ. ಅಂಥವರ ಬಾಗಿಲಿನಲ್ಲಿ ರೋಗಿಯಾಗಿ ನಿಲ್ಲಬೇಕು. ಉತ್ತನೂರು, ಇಂದಿನ ತೆಲಂಗಾಣದ ಗದ್ವಾಲ ಪ್ರಾಂತದ ಹಳ್ಳಿ, ಆ ಭೇಟಿಗೆ ಸಾಕ್ಷಿಯಾಯಿತು.

ಗೋಪಾಲದಾಸರು ಮಾಡಿದ ಉಪಚಾರ ಅತಿ ಸರಳವಾದುದು. ಧನ್ವಂತರಿಯನ್ನು ಜಪಿಸಿ, ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ರೋಗಿಗೆ ತಿನ್ನಲು ಕೊಟ್ಟರು. ಮೆತ್ತಗಿನ ಅನ್ನವನ್ನೇ ತಾಳದಿದ್ದ ಹೊಟ್ಟೆಗೆ ಜೋಳದ ರೊಟ್ಟಿ! ನಮ್ಮ ಸೀಮೆಯ ರೊಟ್ಟಿಯನ್ನು ಬಲ್ಲವರಿಗೆ ಇದರ ಅರ್ಥವಾದೀತು. ಆಚಾರ್ಯರು ತಿಂದರು; ರೊಟ್ಟಿ ಜೀರ್ಣವಾಯಿತು. ದಿನದಿನಕ್ಕೆ ನೋವು ಇಳಿಯುತ್ತ ಬಂದಿತು. ಈ ಸಂದರ್ಭದಲ್ಲಿಯೇ ಗೋಪಾಲದಾಸರು ಧನ್ವಂತರಿಯನ್ನು ಕುರಿತು ರಚಿಸಿದ ಪ್ರಾರ್ಥನೆಯು ಇಂದಿಗೂ ದಾಸಸಾಹಿತ್ಯದಲ್ಲಿ ಉಳಿದಿದೆ. ರೋಗಿಯು ಇನ್ನೂ ಚಿಕ್ಕವನು, ಅವನ ಮೇಲೆ ದಯೆ ಮಾಡೆಂದು ಬೇಡುವ ಆ ಹಾಡನ್ನು ನಮ್ಮ ಮನೆಗಳಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಹಿರಿಯರು ಈಗಲೂ ಹೇಳಿಕೊಳ್ಳುವುದುಂಟು. ಹಾಡುವವರಲ್ಲಿ ಎಷ್ಟು ಮಂದಿಗೆ ಅದರ ಮೊದಲ ರೋಗಿ ಯಾರೆಂಬುದು ಗೊತ್ತೋ ನಾನರಿಯೆ.

ರೋಗವೇನೋ ಹೋಯಿತು. ಆದರೆ ಶ್ರೀನಿವಾಸಾಚಾರ್ಯರ ಆಯುಷ್ಯವೇ ಮುಗಿಯುವ ಹಂತದಲ್ಲಿದ್ದಿತಂತೆ. ಗೋಪಾಲದಾಸರು ಗುರುಗಳ ಇಂಗಿತದಂತೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂಬುದು ದಾಸಪರಂಪರೆಯ ದೃಢವಾದ ನಂಬಿಕೆ. ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿಯೇ, ಹರಿಪಾದ ಸೇರಿದರು. ಜಗನ್ನಾಥದಾಸರು 1809ರವರೆಗೆ, ಎಂಬತ್ತೊಂದು ವರ್ಷ, ಬಾಳಿದರು. ನಂಬುವವರು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕೈಮುಗಿಯುತ್ತಾರೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅವರವರ ಕರ್ಮ ಅವರವರಿಗೆ ಎಂದು ಶಾಸ್ತ್ರವೇ ಸಾರುತ್ತಿರುವಾಗ, ಒಬ್ಬರ ಆಯುಷ್ಯ ಮತ್ತೊಬ್ಬರಿಗೆ ಸಲ್ಲುವುದು ಹೇಗೆ? ಕುಲಕರ್ಣಿಯ ಮಗನಿಗೆ ಈ ಪ್ರಶ್ನೆ ಹೊಳೆಯದೆ ಇದ್ದೀತೇ? ಒಬ್ಬರ ಖಾತೆಯ ಜಮೆಯನ್ನು ಇನ್ನೊಬ್ಬರ ಖಾತೆಗೆ ಬರೆಯಲು ಕುಲಕರ್ಣಿಗೆ ಅಧಿಕಾರವಿಲ್ಲ. ಆದರೆ ಖಾತೆಗಳ ಒಡೆಯನಿಗೆ ಇದೆ. ಮಾಧ್ವಸಿದ್ಧಾಂತದಲ್ಲಿ ಕರ್ಮವು ಜಡವಾದುದು. ತಾನಾಗಿ ಫಲ ಕೊಡುವ ಶಕ್ತಿ ಅದಕ್ಕಿಲ್ಲ. ಫಲವೀಯುವವನು ಶ್ರೀಹರಿಯೊಬ್ಬನೇ, ಸ್ವತಂತ್ರನೂ ಅವನೊಬ್ಬನೇ. ಭಕ್ತನು ತನ್ನದನ್ನು ತ್ಯಾಗಮಾಡಿ ಬೇಡಿದರೆ ಆತನು ನಡೆಸಿಕೊಟ್ಟಾನು. ಇದಲ್ಲದೆ ಕೌಷೀತಕಿ ಉಪನಿಷತ್ತಿನಲ್ಲಿ ಒಂದು ವಿಚಾರವಿದೆ. ಬ್ರಹ್ಮಜ್ಞಾನಿಯು ಕೊಡವಿಕೊಂಡ ಪುಣ್ಯವು ಅವನಿಗೆ ಪ್ರಿಯರಾದವರನ್ನೂ, ಪಾಪವು ಅಪ್ರಿಯರಾದವರನ್ನೂ ಹೋಗಿ ಸೇರುತ್ತದೆಯೆಂದು ಅಲ್ಲಿ ಹೇಳಿದೆ. ಜ್ಞಾನಿಯು ದೇಹ ಬಿಟ್ಟು ಹೋಗುವಾಗಿನ ವಿಚಾರವದು. ಆದರೂ ಶ್ರೀನಿವಾಸಾಚಾರ್ಯರ ಬಾಳನ್ನು ನೋಡಿದರೆ ಇದೇ ನೆನಪಾಗುತ್ತದೆ. ಜ್ಞಾನಿಗಳನ್ನು ಹೀಗಳೆದ ದಿನ ಒಂದು ಫಲ ಬಂದಿತು, ಅವರ ಪ್ರೀತಿಗೆ ಪಾತ್ರರಾದ ದಿನ ಇನ್ನೊಂದು.

ಜ್ಞಾನಿಗಳೆಂಬ ಪದವನ್ನು ದಾಸರು ಬಳಸುವ ಅರ್ಥವನ್ನೂ ಸ್ವಲ್ಪ ವಿವರಿಸಬೇಕಾಗಿದೆ. ಓದಿ ತಿಳಿಯುವುದು ಪರೋಕ್ಷಜ್ಞಾನ. ಶ್ರೀನಿವಾಸಾಚಾರ್ಯರಲ್ಲಿ ಅದು ತುಂಬಿತ್ತು. ತನ್ನ ಹೃದಯದಲ್ಲಿ ನಿಂತು ತನ್ನನ್ನು ನಡೆಸುತ್ತಿರುವ ಬಿಂಬರೂಪಿಯಾದ ಭಗವಂತನನ್ನು, ತನ್ನ ಯೋಗ್ಯತೆಗೆ ತಕ್ಕಂತೆ, ಸಾಕ್ಷಾತ್ತಾಗಿ ಕಾಣುವುದು ಅಪರೋಕ್ಷಜ್ಞಾನ. ಅದು ಪ್ರಯತ್ನದಿಂದ ದೊರೆಯುವುದಾದರೂ ಪ್ರಯತ್ನದ ಕೂಲಿಯಲ್ಲ; ಅವನ ಪ್ರಸಾದ. ಆ ದರ್ಶನವಾದೊಡನೆ ಹಿಂದಿನ ಸಂಚಿತವು ಸುಟ್ಟುಹೋಗುತ್ತದೆ, ಮುಂದೆ ಮಾಡುವುದು ಅಂಟುವುದಿಲ್ಲ. ಫಲ ಕೊಡಲು ಆರಂಭಿಸಿದ ಪ್ರಾರಬ್ಧವನ್ನು ಮಾತ್ರ ಉಂಡೇ ತೀರಿಸಬೇಕು. ದರ್ಶನ ಪಡೆದ ಮಹಾತ್ಮರಿಗೂ ದೇಹದ ಸುಖದುಃಖಗಳು ಏಕೆ ಉಳಿದಿರುತ್ತವೆಂಬುದಕ್ಕೆ ನಮ್ಮ ಹಿರಿಯರು ಕೊಟ್ಟ ಸಮಾಧಾನವಿದು.

ದೇಹ ಸ್ವಸ್ಥವಾದ ಮೇಲೆ ಆಚಾರ್ಯರಿಗೆ ಹಳೆಯ ಪಾಠದ ಪೀಠ ರುಚಿಸಲಿಲ್ಲ. ದಾಸದೀಕ್ಷೆಯನ್ನು ಬೇಡಿದರು. ಗೋಪಾಲದಾಸರು ತಾವೇ ಅಂಕಿತವನ್ನು ಕೊಡದೆ, ಪಂಢರಪುರಕ್ಕೆ ಹೋಗಿ ಪಾಂಡುರಂಗನ ಸನ್ನಿಧಿಯಲ್ಲಿಯೇ ಅದನ್ನು ಪಡೆಯಬೇಕೆಂದು ಕಳುಹಿಸಿದರು. ಅಲ್ಲಿ ಚಂದ್ರಭಾಗೆಯಲ್ಲಿ ಮುಳುಗಿ ಏಳುವಾಗ ಜಗನ್ನಾಥವಿಠಲನೆಂಬ ಅಕ್ಷರಗಳಿದ್ದ ಒಂದು ಶಿಲೆ ಅವರಿಗೆ ದೊರೆಯಿತು. ನದಿಯಿಂದ ಮೇಲೆ ಬಂದವರು ಶ್ರೀನಿವಾಸಾಚಾರ್ಯರಲ್ಲ, ಜಗನ್ನಾಥದಾಸರು. ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ವಿಠಲನ ಮುಂದೆ ಕನ್ನಡದಲ್ಲಿ ಹಾಡಿ ಕುಣಿದರು. ಯಾವುದನ್ನು ಕಂಡು ಮೂಗುಮುರಿದಿದ್ದರೋ ಅದೇ ಈಗ ಅವರ ವೇಷ. ಪಂಢರಪುರವು ಮಹಾರಾಷ್ಟ್ರದ ಸಂತರಿಗೂ ಕನ್ನಡದ ದಾಸರಿಗೂ ತವರುಮನೆ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿಬರುವ ಮುಂಬಯಿ, ಸೊಲ್ಲಾಪುರ, ಪುಣೆಗಳ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ಮುಂದಿನ ದೀರ್ಘಕಾಲವನ್ನು ದಾಸರು ಬಹುಮಟ್ಟಿಗೆ ಮಾನವಿಯಲ್ಲಿ, ಸಂಸಾರಿಯಾಗಿಯೇ ಕಳೆದರು. ಕೀರ್ತನೆಗಳು, ಸುಳಾದಿಗಳು, ತ್ರಿಪದಿಯಲ್ಲಿರುವ ತತ್ತ್ವಸುವ್ವಾಲಿ, ಇವೆಲ್ಲ ಅವರ ಕೃತಿಗಳು. ಲಿಂಗಸುಗೂರಿನ ಪ್ರಾಣೇಶದಾಸರು, ಶ್ರೀದವಿಠಲರೆನಿಸಿದ ಕರ್ಜಗಿ ದಾಸಪ್ಪನವರು ಅವರ ಶಿಷ್ಯರಲ್ಲಿ ಪ್ರಮುಖರು. ಶಿರೋಮಣಿಯೆಂದರೆ ಹರಿಕಥಾಮೃತಸಾರ. ಭಾಮಿನೀ ಷಟ್ಪದಿಯಲ್ಲಿ 32 ಸಂಧಿಗಳು. ಅದಕ್ಕೆ ಫಲಸ್ತುತಿ ರಚಿಸಿದವರು ಶ್ರೀದವಿಠಲರು. ದ್ವೈತವೇದಾಂತದ ಪ್ರಮೇಯಗಳಲ್ಲಿ ಮುಖ್ಯವಾದುದೊಂದೂ ಅಲ್ಲಿ ಬಿಟ್ಟುಹೋಗಿಲ್ಲವೆಂದು ಬಲ್ಲವರು ಹೇಳುತ್ತಾರೆ. ವಿನೋದವೆಂದರೆ, ಕನ್ನಡದ ಈ ಗ್ರಂಥಕ್ಕೆ ಸಂಕರ್ಷಣ ಒಡೆಯರು ಸಂಸ್ಕೃತದಲ್ಲಿ ವ್ಯಾಖ್ಯಾನವನ್ನು ಬರೆದರು. ಸಂಸ್ಕೃತವಲ್ಲದ ವೇದಾಂತವನ್ನು ಒಪ್ಪದಿದ್ದ ತರುಣನ ಕೃತಿಗೆ ಸಂಸ್ಕೃತವೇ ಟೀಕೆಯಾಗಿ ಬಂದು ನಿಂತಿತು.

ಗ್ರಂಥದ ಸಂಧಿಗಳ ಹೆಸರುಗಳನ್ನು ಅವರ ಬಾಳಿನೊಡನೆ ಇಟ್ಟು ನೋಡುವುದು ನನ್ನ ಹಳೆಯ ಚಾಳಿ. ಮಂಗಳಾಚರಣೆ ಮುಗಿದೊಡನೆ ಬರುವುದು ಕರುಣಾಸಂಧಿ. ಅಪರಾಧಿಯಾಗಿದ್ದು ಕರುಣೆಯನ್ನು ಉಂಡವರು ಬೇರೆ ಎಲ್ಲಿಂದ ಪ್ರಾರಂಭಿಸಿಯಾರು? ಅದಕ್ಕೆ ಸಮೀಪದಲ್ಲಿಯೇ ಭೋಜನರಸವಿಭಾಗ ಸಂಧಿ. ಉಣ್ಣುವ ಪ್ರತಿಯೊಂದು ಪದಾರ್ಥದಲ್ಲಿಯೂ, ಅದರ ರಸದಲ್ಲಿಯೂ, ಉಣ್ಣುವವನೊಳಗೂ ನಿಂತು ಸ್ವೀಕರಿಸುವ ಹರಿಯ ರೂಪಗಳನ್ನು ಚಿಂತಿಸುವ ಕ್ರಮ ಅಲ್ಲಿದೆ. ಊಟವನ್ನು ಯಜ್ಞವೆಂದು ತಿಳಿಸುವ ವಿಷಯ ಶಾಸ್ತ್ರಕ್ಕೆ ಹೊಸದಲ್ಲ. ಆದರೆ ಊಟದ ನೆವದಲ್ಲಿ ಸುಳ್ಳಾಡಿ, ಊಟವನ್ನೇ ಕಳೆದುಕೊಂಡು, ಒಂದು ಜೋಳದ ರೊಟ್ಟಿಯಿಂದ ಅದನ್ನು ಮರಳಿ ಪಡೆದವರು ಅದನ್ನು ಬರೆದಾಗ ತುತ್ತಿಗೆ ಬೇರೆ ತೂಕ ಬರುತ್ತದೆ. ಮುಂದೆ ದತ್ತಸ್ವಾತಂತ್ರ್ಯ ಸಂಧಿಯಲ್ಲಿ ಜೀವನಿಗೆ ಭಗವಂತನು ಕೊಟ್ಟ ಸ್ವಾತಂತ್ರ್ಯದ ವಿಚಾರವಿದೆ. ಎಲ್ಲವನ್ನೂ ಅವನೇ ಮಾಡಿಸುವುದಾದರೆ ನಮ್ಮ ತಪ್ಪು ನಮ್ಮದು ಹೇಗೆ ಎಂದು ಕೇಳುವವರು ಅದನ್ನು ಗುರುಮುಖದಿಂದ ಓದಬೇಕು. ಬಿಂಬಾಪರೋಕ್ಷ ಸಂಧಿಯಲ್ಲಿ ಆ ದರ್ಶನದ ಮಾರ್ಗ; ಭಕ್ತಾಪರಾಧಸಹಿಷ್ಣು ಸಂಧಿಯಲ್ಲಿ ಭಕ್ತರ ತಪ್ಪನ್ನು ಸಹಿಸುವ ಸ್ವಾಮಿಯ ಗುಣ. ಈ ಕೊನೆಯ ಹೆಸರನ್ನು ಬರೆಯುವಾಗ ಅವರಿಗೆ ಮಾನವಿಯ ಆ ದಿನ ನೆನಪಿಗೆ ಬಂದಿರಲಾರದೇ?

ಜಗನ್ನಾಥದಾಸರನ್ನು ಪ್ರಹ್ಲಾದನ ಸೋದರನಾದ ಸಹ್ಲಾದನ ಅಂಶವೆಂದೂ, ದ್ವಾಪರಯುಗದಲ್ಲಿ ಅವರೇ ಶಲ್ಯರಾಜನಾಗಿದ್ದರೆಂದೂ ಸಂಪ್ರದಾಯಸ್ಥರು ಹೇಳುತ್ತಾರೆ. ಕರ್ಣನ ಸಾರಥಿಯಾಗಿ ಕುಳಿತು, ರಥದ ಮೇಲಿನಿಂದ ಮಾತಿನಲ್ಲೇ ಅವನನ್ನು ಚುಚ್ಚಿದವನು ಶಲ್ಯ. ನಾಲಗೆಯ ಹರಿತವು ಜನ್ಮದಿಂದ ಜನ್ಮಕ್ಕೆ ಹರಿದುಬಂದಿತೋ ಏನೋ. ಈ ಜನ್ಮದಲ್ಲಿ ಆ ನಾಲಗೆಗೆ ಸಾವಿರಕ್ಕೆ ಸಮೀಪದಷ್ಟು ಷಟ್ಪದಿಗಳ ಕೆಲಸ ದೊರೆಯಿತು.

ವಿಜಯದಾಸರು 1755ರ ಕಾರ್ತಿಕ ಶುದ್ಧ ದಶಮಿಯಂದು ಚಿಪ್ಪಗಿರಿಯಲ್ಲಿ ಹರಿಪಾದ ಸೇರಿದ್ದರು. ಏಳು ವರ್ಷಗಳ ನಂತರ, ಪುಷ್ಯ ಬಹುಳ ಅಷ್ಟಮಿಯಂದು, ಗೋಪಾಲದಾಸರೂ ಹೋದರು. ಆಯುಷ್ಯವನ್ನು ಕೊಟ್ಟವರು ಹೋಗುವುದನ್ನು ಪಡೆದವರು ನೋಡಬೇಕಾಯಿತು. ಆಗ ಜಗನ್ನಾಥದಾಸರಿಗೆ ಮೂವತ್ತನಾಲ್ಕರ ಪ್ರಾಯ. ಅಲ್ಲಿಂದ ಇನ್ನೂ ನಲವತ್ತೇಳು ವರ್ಷ ಅವರು ಬದುಕಬೇಕಾಗಿದ್ದಿತು. ಪ್ರತಿ ಬೆಳಗೂ ಎದ್ದಾಗ, ಇದು ನನ್ನ ದಿನವಲ್ಲ, ಗುರುಗಳ ದಿನವೆಂಬ ಎಚ್ಚರ ಅವರಿಗೆ ಇದ್ದಿರಲೇಬೇಕು. ಹರಿಕಥಾಮೃತಸಾರದ ಹಿಂದಿರುವ ಶ್ರದ್ಧೆಗೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಊಹಿಸಲಾರೆ.

1809ರ ಭಾದ್ರಪದ ಶುದ್ಧ ನವಮಿಯಂದು, ಮಾನವಿಯ ತಮ್ಮ ಮನೆಯಲ್ಲಿಯೇ ದಾಸರು ಇಹವನ್ನು ಬಿಟ್ಟರು. ಆ ಮನೆಯ ಕಂಬವೊಂದರಲ್ಲಿ ಅವರ ಸನ್ನಿಧಾನವಿದೆಯೆಂದು ಭಕ್ತರು ನಂಬಿ ಅದನ್ನೇ ಪೂಜಿಸುತ್ತಾರೆ. ಕಂಬದಿಂದ ಬಂದ ನರಸಿಂಹನನ್ನು ಕಂಡ ಪ್ರಹ್ಲಾದನ ಸೋದರನಿಗೆ ಕಂಬವೇ ನೆಲೆಯಾದುದು ಉಚಿತವೆಂದು ಹಿರಿಯರೊಬ್ಬರು ನನಗೆ ಹೇಳಿದ್ದರು. ಅಧಿಕಮಾಸ ಅಡ್ಡ ಬಾರದ ವರ್ಷಗಳಲ್ಲಿ ಆ ಆರಾಧನೆ ನಮ್ಮ ಮಹಾನವಮಿಗೆ ಸರಿಯಾಗಿ ಒಂದು ತಿಂಗಳು ಮುಂಚೆ ಬರುತ್ತದೆ. ರಾಯಚೂರಿನಿಂದ ಮಾನವಿಗೆ ಬಸ್ಸಿನ ಸೌಕರ್ಯವಿದೆ. ಮಂತ್ರಾಲಯಕ್ಕೆ ಹೋದವರು ಇನ್ನೊಂದು ದಿನ ಉಳಿದುಕೊಂಡು ಅಲ್ಲಿಗೂ ಹೋಗಿ ಬರಬಹುದು.